ಹಾಜರಿ ಪುಸ್ತಕದಲ್ಲಿ ಹೆಸರಿದೆ, ಪೆನ್ಸಿಲ್ ಹಿಡಿಸುವವರು ಯಾರು?

ವಿಕಲಚೇತನ ಮಗುವನ್ನು ಸೇರಿಸಿಕೊಳ್ಳುವುದಿಲ್ಲ ಎಂದು ಹೇಳುವ ಅಧಿಕಾರ ಇವತ್ತು ಯಾವ ಸರ್ಕಾರಿ ಶಾಲೆಗೂ ಇಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆ ಇದೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 16ನೇ ಸೆಕ್ಷನ್ನು ಮಗುವನ್ನು ಭೇದವಿಲ್ಲದೆ ಸೇರಿಸಿಕೊಳ್ಳಬೇಕು, ಕಟ್ಟಡವನ್ನು ಅದಕ್ಕೆ ತಕ್ಕಂತೆ ಮಾಡಬೇಕು, ಅದರ ಅಗತ್ಯಕ್ಕೆ ಹೊಂದುವ ಸೌಕರ್ಯ ಕೊಡಬೇಕು ಎನ್ನುತ್ತದೆ. ಹಾಗಾಗಿ ಹೆಸರು ಹಾಜರಿ ಪುಸ್ತಕಕ್ಕೆ ಬರುತ್ತದೆ. ಪ್ರಶ್ನೆ ಇರುವುದು ಅದರ ಮಾರನೇ ದಿನದಿಂದ.

ಸೆರೆಬ್ರಲ್ ಪಾಲ್ಸಿ ಇರುವ ಒಂದು ಮಗುವನ್ನು ಊಹಿಸಿಕೊಳ್ಳಿ. ಬುದ್ಧಿ ಚುರುಕು, ಕೈಕಾಲು ಬಿಗಿ. ನಲಿ-ಕಲಿ ತರಗತಿಯಲ್ಲಿ ಎಲ್ಲರ ಜೊತೆ ನೆಲದ ಮೇಲೆ ಕೂರಲು ಆಗುವುದಿಲ್ಲ. ಪೆನ್ಸಿಲ್ ಜಾರುತ್ತದೆ. ಬಿಸಿಯೂಟದ ತಟ್ಟೆಯಿಂದ ಅನ್ನ ಚೆಲ್ಲುತ್ತದೆ. ಶೌಚಾಲಯದಲ್ಲಿ ಹಿಡಿದುಕೊಳ್ಳಲು ಏನೂ ಇಲ್ಲ. ಮೂರು ತರಗತಿಗಳನ್ನು ಒಟ್ಟಿಗೆ ನಿಭಾಯಿಸುವ ಮೇಷ್ಟ್ರಿಗೆ ಕರುಣೆ ಇರುತ್ತದೆ, ದಾರಿ ತಿಳಿದಿರುವುದಿಲ್ಲ. ಆರು ತಿಂಗಳಲ್ಲಿ ಮಗು ಮನೆಯಲ್ಲೇ ಉಳಿಯುತ್ತದೆ. ಹೆಸರು ಮಾತ್ರ ಶಾಲೆಗೆ ಹೋಗುತ್ತಿರುತ್ತದೆ.

ಈ ಜಾಗದಲ್ಲಿ ಬೇಕಾದವರು ಆಕ್ಯುಪೇಷನಲ್ ಥೆರಪಿಸ್ಟ್. ಕನ್ನಡದಲ್ಲಿ ಇದನ್ನು ‘ಔದ್ಯೋಗಿಕ ಚಿಕಿತ್ಸೆ’ ಎಂದು ಕರೆದು ಜನರ ದಾರಿ ತಪ್ಪಿಸಿದ್ದೇವೆ. ಕೇಳಿದವರು ಕೆಲಸ ಕೊಡಿಸುವ ಯೋಜನೆ ಅಂದುಕೊಳ್ಳುತ್ತಾರೆ. ಮಗುವಿನ ಉದ್ಯೋಗ ಯಾವುದು? ಆಡುವುದು, ಉಣ್ಣುವುದು, ಬಟ್ಟೆ ಹಾಕಿಕೊಳ್ಳುವುದು, ಬರೆಯುವುದು. ಅದನ್ನು ಮಗು ತನ್ನ ಕೈಯಾರೆ ಮಾಡುವಂತೆ ದಾರಿ ಹುಡುಕುವುದೇ ಈ ಕೆಲಸ. ಫಿಸಿಯೋಥೆರಪಿ ಮುಖ್ಯವಾಗಿ ಸ್ನಾಯು, ಕೀಲು, ಚಲನೆಯನ್ನು ನೋಡುತ್ತದೆ. ಇವರು ಆ ಕೈ ದಿನನಿತ್ಯ ಏನು ಮಾಡಬೇಕಿದೆ ಎಂಬುದರಿಂದ ಶುರುಮಾಡುತ್ತಾರೆ.

ಇದಕ್ಕೆಲ್ಲ ದುಬಾರಿ ಯಂತ್ರ ಬೇಕಿಲ್ಲ. ಪೆನ್ಸಿಲ್‌ಗೆ ಸೈಕಲ್ ಟ್ಯೂಬ್ ಸುತ್ತಿದರೆ ಹಿಡಿತ ಸಿಗಬಹುದು. ನಮ್ಮಲ್ಲಿ ಎಲ್ಲೆಂದರಲ್ಲಿ ಸಿಗುವ ಟೊಮೆಟೊ ಕ್ರೇಟನ್ನು ಕಾಲಡಿಗೆ ಮಗುಚಿದರೆ, ಕುರ್ಚಿಯಲ್ಲಿ ಜೋಲಾಡುವ ಮಗು ನೆಟ್ಟಗೆ ಕೂರಬಹುದು. ಗದ್ದಲಕ್ಕೆ ಕಿವಿ ಮುಚ್ಚಿಕೊಳ್ಳುವ ಆಟಿಸಂ ಮಗುವಿಗೆ ಬಾಗಿಲಿಂದ ದೂರದ ಮೂಲೆಯೇ ಅರ್ಧ ಔಷಧಿ. ಆದರೆ ಯಾವ ಮಗುವಿಗೆ ಯಾವುದು, ಎಷ್ಟು ದಿನ, ಯಾವಾಗ ಬದಲಿಸಬೇಕು ಎಂದು ಹೇಳಲು ಓದಿದವರೇ ಬೇಕು.

ನಮ್ಮಲ್ಲಿ ಸಮಗ್ರ ಶಿಕ್ಷಣದಡಿ ತಾಲೂಕಿಗೆ ಕೆಲವೇ ಬಿಐಇಆರ್‌ಟಿಗಳಿದ್ದಾರೆ. ಶಾಲೆ ಸುತ್ತಬೇಕು, ಮನೆಗೆ ಹೋಗಿ ಪಾಠ ಹೇಳಬೇಕು, ಶಿಬಿರಕ್ಕೆ ಪಟ್ಟಿ ಮಾಡಬೇಕು. ಅವರನ್ನು ದೂರಿ ಪ್ರಯೋಜನವಿಲ್ಲ. ವೈದ್ಯಕೀಯ ತಪಾಸಣಾ ಶಿಬಿರ, ಸಲಕರಣೆ ವಿತರಣೆ ವರ್ಷಕ್ಕೊಮ್ಮೆ ಮುಗಿಯುತ್ತದೆ. ವೇದಿಕೆ ಮೇಲೆ ಗಾಲಿಕುರ್ಚಿ ಕೊಟ್ಟ ಫೋಟೊ ಪೇಪರಿನಲ್ಲಿ ಬರುತ್ತದೆ. ಅದು ಮಗುವಿನ ಅಳತೆಗೆ ಸರಿಯಿದೆಯೇ, ತರಗತಿ ಬಾಗಿಲಲ್ಲಿ ತೂರುತ್ತದೆಯೇ ಎಂದು ನೋಡುವವರು ಮಾತ್ರ ಬರುವುದಿಲ್ಲ.

2021ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಪ್ರಾಥಮಿಕ ಹಂತದಲ್ಲಿ ಇಂಥ 10 ಮಕ್ಕಳಿಗೆ, ಮೇಲಿನ ಹಂತಗಳಲ್ಲಿ 15 ಮಕ್ಕಳಿಗೆ ಒಬ್ಬ ವಿಶೇಷ ಶಿಕ್ಷಕರಿರಬೇಕು ಎಂಬ ಲೆಕ್ಕ ಕೊಟ್ಟಿತು. ಒಳ್ಳೆಯದು. ಆದರೆ ಆ ತೀರ್ಪು ಶಿಕ್ಷಕರದ್ದು, ಥೆರಪಿಸ್ಟರದ್ದಲ್ಲ. ಅದೇ ವರ್ಷ ಬಂದ ಸಹಾಯಕ ಮತ್ತು ಆರೋಗ್ಯ ವೃತ್ತಿಗಳ ರಾಷ್ಟ್ರೀಯ ಆಯೋಗದ ಕಾಯ್ದೆ ಆಕ್ಯುಪೇಷನಲ್ ಥೆರಪಿಯನ್ನು ವೃತ್ತಿಯೆಂದು ಗುರುತಿಸಿತು. ವೃತ್ತಿಗೆ ಕಾನೂನು ಬಂತು, ಶಾಲೆಯಲ್ಲಿ ಹುದ್ದೆ ಬರಲಿಲ್ಲ. ಅಮೆರಿಕದಲ್ಲಿ 1975ರ ಕಾಯ್ದೆಯಿಂದಲೇ ಇದು ಶಾಲಾ ಶಿಕ್ಷಣದ ಜೊತೆ ಕೊಡಬೇಕಾದ ಸೇವೆ. ಅಲ್ಲಿ ಶಾಲೆಗಳೇ ಇವರನ್ನು ನೇಮಿಸಿಕೊಳ್ಳುತ್ತವೆ.

ಈ ವಿದ್ಯೆ ನಮಗೇನೂ ಹೊಸದಲ್ಲ. ಕಮಲಾ ನಿಂಬ್ಕರ್ ಅವರು ಮುಂಬೈನ ಕೆಇಎಂ ಆಸ್ಪತ್ರೆಯಲ್ಲಿ ತರಬೇತಿ ಶಾಲೆ ಆರಂಭಿಸಿದ್ದು 1950ರಲ್ಲಿ. ನಮ್ಮ ರಾಜ್ಯದಲ್ಲಿ ಮಣಿಪಾಲದಲ್ಲಿ ಕೋರ್ಸ್ ಇದೆ. ಪಿಯುಸಿಯಲ್ಲಿ ಜೀವಶಾಸ್ತ್ರ ಓದಿದವರು ಸೇರಬಹುದು. ಆದರೆ ಖಾಸಗಿ ಕಾಲೇಜಿನ ಫೀಸು ಕಟ್ಟಿ ಹೊರಬಂದವರಿಗೆ ಬೆಂಗಳೂರಿನ ಕ್ಲಿನಿಕ್ಕೋ ವಿದೇಶವೋ ದಾರಿ. ಕ್ಯಾಲನೂರಿನಿಂದ ಮಗುವನ್ನು ಎತ್ತಿಕೊಂಡು ಬೆಂಗಳೂರಿನ ಕ್ಲಿನಿಕ್ಕಿಗೆ ಹೋಗುವ ತಾಯಿಗೆ ಒಂದು ದಿನದ ಕೂಲಿ, ಬಸ್ ಚಾರ್ಜು, ಫೀಸು ಮೂರೂ ಹೋಗುತ್ತವೆ. ವಾರಕ್ಕೊಮ್ಮೆ ಹೋಗಬೇಕಾದದ್ದು ಎರಡನೇ ಸಲಕ್ಕೇ ನಿಲ್ಲುತ್ತದೆ.

ದುಡ್ಡೆಲ್ಲಿ ಎಂದು ಕೇಳುತ್ತಾರೆ. ಕೋಲಾರ ಜಿಲ್ಲೆಯಲ್ಲಿ ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ, ಬಂಗಾರಪೇಟೆ, ಕೆಜಿಎಫ್ ಸೇರಿ ಆರು ತಾಲೂಕು. ತಾಲೂಕಿಗೊಬ್ಬರಂತೆ ಆರು ಹುದ್ದೆ. ಬಿಆರ್‌ಸಿ ಕಚೇರಿಯಲ್ಲಿ ಒಂದು ಕೊಠಡಿ, ವಾರದಲ್ಲಿ ನಾಲ್ಕು ದಿನ ಶಾಲೆಗಳ ಸುತ್ತಾಟ. ಜಿಲ್ಲೆಯೊಂದಕ್ಕೆ ಆರು ಸಂಬಳ ಹೊರಲಾರದಷ್ಟು ಬಡವಾಗಿಲ್ಲ ನಮ್ಮ ಸರ್ಕಾರ.

ಹಳ್ಳಿಗೆ ಯಾರು ಬರುತ್ತಾರೆ ಎಂಬುದು ಎರಡನೇ ಆಕ್ಷೇಪ. ಇದು ನಿಜ. ಅದಕ್ಕೇ ಹಳ್ಳಿಯವರನ್ನೇ ಓದಿಸಬೇಕು. ಗ್ರಾಮೀಣ ವಿದ್ಯಾರ್ಥಿಗಳ ಪೂರ್ತಿ ಫೀಸನ್ನು ಸರ್ಕಾರ ಕಟ್ಟಲಿ, ಓದು ಮುಗಿದ ಮೇಲೆ ಐದು ವರ್ಷ ತಾಲೂಕಿನಲ್ಲಿ ಕೆಲಸ ಮಾಡುವ ಕರಾರು ಹಾಕಲಿ. ನಮ್ಮ ಕಡೆ ಶಾಲೆಯಲ್ಲಿ ಕನ್ನಡ, ಮನೆಯಲ್ಲಿ ತೆಲುಗು, ಪಕ್ಕದ ಬೀದಿಯಲ್ಲಿ ಉರ್ದು, ಕೆಜಿಎಫ್‌ನಲ್ಲಿ ತಮಿಳು. ಮಗುವನ್ನು ದಿನವಿಡೀ ನೋಡಿಕೊಳ್ಳುವುದು ಅಜ್ಜಿ. ಆ ಅಜ್ಜಿಯ ಭಾಷೆಯಲ್ಲಿ, ಅವಳ ನಡುಮನೆಯಲ್ಲಿ ಕೂತು, ಮಗು ತಾನೇ ಮುದ್ದೆ ಮುರಿದುಕೊಳ್ಳುವಂತೆ ತೋರಿಸಿಕೊಡಬೇಕು. ಇದನ್ನು ಇಲ್ಲೇ ಹುಟ್ಟಿದವರಷ್ಟು ಚೆನ್ನಾಗಿ ಬೇರೆ ಯಾರೂ ಮಾಡಲಾರರು.

ಹುದ್ದೆ ಬರುವ ತನಕ ಒಂದು ಕೆಲಸ ನಮ್ಮ ಕೈಯಲ್ಲಿದೆ. ಮುಂದಿನ ಎಸ್‌ಡಿಎಂಸಿ ಸಭೆಯಲ್ಲೋ ಮಕ್ಕಳ ಗ್ರಾಮಸಭೆಯಲ್ಲೋ ಕೇಳಿ: ನಮ್ಮ ಶಾಲೆಯ ಹಾಜರಿ ಪುಸ್ತಕದಲ್ಲಿರುವ ವಿಕಲಚೇತನ ಮಕ್ಕಳಲ್ಲಿ ಈ ವಾರ ನಿಜವಾಗಿ ಬಂದವರೆಷ್ಟು? ಬಾರದವರು ಯಾಕೆ ಬರಲಿಲ್ಲ? ಉತ್ತರವನ್ನು ನಡಾವಳಿಯಲ್ಲಿ ಬರೆಸಿ, ಬಿಇಒ ಕಚೇರಿಗೆ ಒಂದು ಪ್ರತಿ ಕೊಟ್ಟು ಸ್ವೀಕೃತಿ ಪಡೆಯಿರಿ. ಬೇಡಿಕೆ ಕಾಗದದ ಮೇಲೆ ಬಾರದೆ ಹುದ್ದೆ ಮಂಜೂರಾದ ಉದಾಹರಣೆಯನ್ನು ನಾನಂತೂ ನೋಡಿಲ್ಲ.