ಕೂಲರ್ ಆಮೇಲೆ, ಮೊದಲು ಸುಣ್ಣ



ಹೋದ ವಾರ ನಡೆದದ್ದು ನಿಮಗೆಲ್ಲ ಗೊತ್ತೇ ಇದೆ. ಮಧ್ಯಾಹ್ನ ಊಟ ಆದ ಮೇಲೆ ಗಣಿತದ ಪಿರಿಯಡ್‌ನಲ್ಲಿ, ನಮ್ಮ ತಗಡಿನ ಕೋಣೆಯಲ್ಲಿ, ಗೆಳತಿಯೊಬ್ಬಳು ತಲೆ ಸುತ್ತಿ ಬಿದ್ದಳು. ಬೇವಿನ ಮರದ ಕೆಳಗೆ ಮಲಗಿಸಿ ನೀರು ಕುಡಿಸಿದ ಮೇಲೆ ಸುಧಾರಿಸಿಕೊಂಡಳು. ಅಂದಿನಿಂದ ಎಲ್ಲರ ಬಾಯಲ್ಲೂ ಒಂದೇ ಮಾತು: "ಹಳೆಯ ವಿದ್ಯಾರ್ಥಿಗಳು ಕೊಟ್ಟ ದುಡ್ಡು ಅದಲ್ಲ, ಅದರಾಗ ಎರಡು ಕೂಲರ್ ತರೋಣ." ಬರುವ ಶನಿವಾರ ಎಸ್.ಡಿ.ಎಂ.ಸಿ. ಸಭೆಯಲ್ಲಿ ಇದು ತೀರ್ಮಾನ ಆಗ್ತದಂತೆ. ಅದಕ್ಕೇ ನನ್ನ ಅನಿಸಿಕೆ ಬರೆಯುತ್ತಿದ್ದೇನೆ. ಮೊದಲು ಕೂಲರ್ ಬೇಕು ಅಂತ ಕೈ ಎತ್ತಿದವರಲ್ಲಿ ನಾನೂ ಒಬ್ಬಳು. ಈಗ ನನ್ನ ಮನಸ್ಸು ಬದಲಾಗಿದೆ.

ನಮ್ಮ ಕೋಣೆಯೊಳಗೆ ಇಷ್ಟು ಶೆಕೆ ಎಲ್ಲಿಂದ ಬರುತ್ತದೆ? ಮೇಲಿನಿಂದ. ನಮ್ಮ ರಾಯಚೂರು ಜಿಲ್ಲೆಯಲ್ಲಿ ಮಾರ್ಚ್ ಬಂತೆಂದರೆ ಮಧ್ಯಾಹ್ನದ ಸೂರ್ಯ ನೆತ್ತಿಯ ಹತ್ತಿರ ಬರುತ್ತಾನೆ. ಮೇ ಮೊದಲ ವಾರದಲ್ಲಂತೂ ಸರಿಯಾಗಿ ನೆತ್ತಿಯ ಮೇಲೇ ಇರುತ್ತಾನೆ. ಗೋಡೆಗಿಂತ ಛಾವಣಿಗೇ ಹೆಚ್ಚು ಬಿಸಿಲು. ತಗಡು ರೊಟ್ಟಿ ಹಂಚಿನ ಹಾಗೆ ಕಾಯುತ್ತದೆ. ನಾವು ಅದರ ಕೆಳಗೆ ಕೂತು ಪಾಠ ಕೇಳುತ್ತೇವೆ. ಫ್ಯಾನ್ ಇದೆಯಲ್ಲ ಅಂತೀರಾ? ಫ್ಯಾನ್ ಗಾಳಿಯನ್ನು ತಿರುಗಿಸುತ್ತದೆ ಅಷ್ಟೆ, ಕೋಣೆಯನ್ನು ತಂಪು ಮಾಡುವುದಿಲ್ಲ. ಗಾಳಿ ಬಡಿದು ಬೆವರು ಆರಿದಾಗ ನಮಗೆ ತಂಪು ಅನಿಸುತ್ತದೆ. ತಗಡೇ ಕಾದಿದ್ದರೆ ಫ್ಯಾನ್ ಆ ಬಿಸಿ ಗಾಳಿಯನ್ನೇ ನಮ್ಮ ತಲೆಗೆ ತಳ್ಳುತ್ತದೆ.

ಕೂಲರ್‌ಗೆ ನೀರು ಬೇಕು, ಕರೆಂಟೂ ಬೇಕು. ಬೇಸಿಗೆಯಲ್ಲಿ ನಮ್ಮೂರಲ್ಲಿ ಕಡಿಮೆ ಬೀಳೋದು ಇವೆರಡೇ. ಕುಡಿಯುವ ನೀರಿಗೇ ಕೊಡ ಹಿಡಿದು ಸಾಲು ನಿಲ್ಲುವ ನಾವು ಕೂಲರ್‌ಗೆ ದಿನಾ ಎಷ್ಟು ಕೊಡ ಸುರಿಯೋಣ? ಮಧ್ಯಾಹ್ನ ಕರೆಂಟ್ ಹೋದರೆ ಕೂಲರ್ ಮೂಲೆಯಲ್ಲಿ ಸುಮ್ಮನೆ ಕೂತಿರುತ್ತದೆ.

ಹಾಗಾದರೆ ಏನು ಮಾಡಬೇಕು? ಭಾನುವಾರ ನಾನು, ನನ್ನ ತಮ್ಮ ಒಂದು ಪ್ರಯೋಗ ಮಾಡಿದೆವು. ಹಳೆಯ ತಗಡಿನ ಎರಡು ತುಂಡು ತಗೊಂಡು ಒಂದಕ್ಕೆ ದಪ್ಪಗೆ ಸುಣ್ಣ ಬಳಿದೆವು, ಒಂದನ್ನು ಹಾಗೇ ಬಿಟ್ಟೆವು. ಎರಡರ ಮೇಲೂ ಮೇಣದ ಚಿಕ್ಕ ಚೂರು ಇಟ್ಟು ಮಧ್ಯಾಹ್ನದ ಬಿಸಿಲಿಗೆ ಇಟ್ಟೆವು. ತುಕ್ಕು ಹಿಡಿದ ತಗಡಿನ ಮೇಲಿನ ಮೇಣ ಕರಗಿ ಹರಿಯಿತು. ಸುಣ್ಣದ ತಗಡಿನ ಮೇಲಿನದು ಮೆತ್ತಗಾಯಿತೇ ಹೊರತು ಕರಗಲಿಲ್ಲ. ಬಿಳಿ ಬಣ್ಣ ಬಿಸಿಲನ್ನು ವಾಪಸ್ ಕಳಿಸುತ್ತದೆ, ಕಪ್ಪು ನುಂಗುತ್ತದೆ ಅಂತ ವಿಜ್ಞಾನದ ಟೀಚರ್ ಹೇಳಿದ್ದು ಅಂದು ಕಣ್ಣಾರೆ ಕಂಡೆ. ನೀವೂ ಮಾಡಿ ನೋಡಿ.

ಇದು ನಮ್ಮಿಬ್ಬರ ಆಟ ಮಾತ್ರ ಅಲ್ಲ. ಗುಜರಾತಿನ ಅಹಮದಾಬಾದಿನಲ್ಲಿ 2010ರ ಬೇಸಿಗೆಯಲ್ಲಿ ಬಿಸಿಗಾಳಿಗೆ ಬಹಳ ಜನ ಸತ್ತರು. 2013ರಲ್ಲಿ ಆ ನಗರ ಬಿಸಿಲಿನಿಂದ ಜನರನ್ನು ಕಾಪಾಡುವ ಯೋಜನೆ ಮಾಡಿತು. ಮುಂದೆ ಬಡವರ ಮನೆಗಳ ಛಾವಣಿಗೆ ಬಿಳಿ ಬಳಿಯುವ ಕೆಲಸವೂ ಅಲ್ಲಿ ನಡೆಯಿತು. ನಮ್ಮ ಜಿಲ್ಲೆಯ ಪಕ್ಕದ ತೆಲಂಗಾಣ ಸರ್ಕಾರ 2023ರಲ್ಲಿ ತಂಪು ಛಾವಣಿಗೆಂದೇ ಒಂದು ನೀತಿ ತಂದಿತು. ಬಿಳಿ ಛಾವಣಿಯ ಕೆಳಗೆ ಕೋಣೆಯ ಶೆಕೆ ಸಾಮಾನ್ಯವಾಗಿ 2 ರಿಂದ 5 ಡಿಗ್ರಿ ಕಡಿಮೆಯಾಗುತ್ತದೆ.

ನಮ್ಮ ಅಜ್ಜಿ ಇದನ್ನು ಕೇಳಿ ನಕ್ಕಳು. "ನಮ್ಮ ಮಾಳಿಗಿ ಮನ್ಯಾಗ ಇಂಥಾ ಶೆಕಿ ಎಲ್ಲಿತ್ತವ್ವ" ಅಂದಳು. ನಿಜ, ದಪ್ಪ ಮಣ್ಣಿನ ಮಾಳಿಗೆ, ದಪ್ಪ ಗೋಡೆ ತಂಪಾಗಿರುತ್ತವೆ. ಆದರೆ ಮಳೆಗಾಲದಲ್ಲಿ ಸೋರುತ್ತಿತ್ತು, ವರ್ಷಾ ವರ್ಷ ಮಣ್ಣು ಹಾಕಬೇಕಿತ್ತು, ಚೇಳೂ ಬೀಳುತ್ತಿದ್ದವು. ಹಿಂದಕ್ಕೆ ಹೋಗೋಣ ಅಂತ ನಾನು ಹೇಳುವುದಿಲ್ಲ. ಈಗ ನಮ್ಮದು ಆರ್.ಸಿ.ಸಿ. ಮನೆ. ಹಗಲೆಲ್ಲ ಕಾದ ಸ್ಲ್ಯಾಬ್ ರಾತ್ರಿ ಆ ಕಾವನ್ನು ಒಳಗೆ ಬಿಡುತ್ತದೆ. ನಿದ್ದೆ ಬರುವುದಿಲ್ಲ, ಫ್ಯಾನ್ ಬೆಳಗಿನವರೆಗೂ ತಿರುಗುತ್ತದೆ. ಸ್ಲ್ಯಾಬ್ ಇರಲಿ, ಅದರ ಮೇಲೆ ಸುಣ್ಣವೂ ಇರಲಿ ಎಂಬುದೇ ನನ್ನ ಮಾತು.

"2023ರಲ್ಲಿ ಗೃಹಜ್ಯೋತಿ ಬಂದು 200 ಯೂನಿಟ್‌ವರೆಗೆ ಮನೆಗೆ ಫ್ರೀ ಆಯ್ತು, ಯಾಕ ಉಳಿಸಬೇಕು?" ಅಂತ ಒಬ್ಬ ಗೆಳೆಯ ಕೇಳಿದ. ಬಿಲ್ಲು ಫ್ರೀ ಇರಬಹುದು, ಕಲ್ಲಿದ್ದಲು ಫ್ರೀ ಅಲ್ಲ. ನಮ್ಮ ಜಿಲ್ಲೆಯ ಶಕ್ತಿನಗರದಲ್ಲಿ 1985ರಿಂದ ಕಲ್ಲಿದ್ದಲು ಸುಟ್ಟು ಕರೆಂಟ್ ಮಾಡುತ್ತಾರೆ. ಒಂದು ಯೂನಿಟ್‌ಗೆ ಸುಮಾರು 700 ಗ್ರಾಂ ಕಲ್ಲಿದ್ದಲು ಬೇಕು. ಆ ಹೊಗೆ, ಬೂದಿ ನಮ್ಮ ಜಿಲ್ಲೆಯ ಗಾಳಿಗೇ ಸೇರುತ್ತದೆ. ಹಳೆಯ ಫ್ಯಾನ್ ಸುಮಾರು 75 ವ್ಯಾಟ್, ಅಂದರೆ 10 ಗಂಟೆಗೆ ಮುಕ್ಕಾಲು ಯೂನಿಟ್. ಹೊಸ ಬಿ.ಎಲ್.ಡಿ.ಸಿ. ಫ್ಯಾನ್ 30 ವ್ಯಾಟ್ ಆಸುಪಾಸು, ಅರ್ಧಕ್ಕಿಂತ ಕಡಿಮೆ. ಹನಿಗೂಡಿದರೆ ಹಳ್ಳ ಅಲ್ಲವೇ?

ಸುಣ್ಣಕ್ಕೂ ತೊಂದರೆ ಇಲ್ಲವೆಂದಲ್ಲ. ತಗಡಿಗೆ ಬರೀ ಸುಣ್ಣ ಹಿಡಿಯುವುದಿಲ್ಲ, ಅಂಟು ಬೆರೆಸಬೇಕು. ಮಳೆಗೆ ತೊಳೆದು ಹೋಗುತ್ತದೆ, ಧೂಳಿಗೆ ಮಾಸುತ್ತದೆ, ವರ್ಷಕ್ಕೊಮ್ಮೆ ಮತ್ತೆ ಬಳಿಯಬೇಕು. ಹಬ್ಬಕ್ಕೆ ಗೋಡೆಗೆ ಸುಣ್ಣ ಬಳಿಯುವ ನಮಗೆ ಇದೇನು ದೊಡ್ಡದಲ್ಲ. ಮೇಲೆ ಹತ್ತುವ ಕೆಲಸ ಮಾತ್ರ ದೊಡ್ಡವರದ್ದು. ಸುಣ್ಣ ಕಣ್ಣಿಗೆ ಬಿದ್ದರೆ ಅಪಾಯ, ನಾವು ಮಕ್ಕಳು ದೂರ ನಿಂತು ನೀರು ತಂದುಕೊಡೋಣ.

ಕೊನೆಗೆ ಸಭೆಗೆ ನನ್ನ ಮನವಿ ಮೂರು. ಒಂದು, ಯುಗಾದಿಗೆ ಮೊದಲು ತಗಡಿನ ಎರಡೂ ಕೋಣೆಗಳ ಮೇಲೆ ಸುಣ್ಣ ಬಳಿಸಿ. ಎರಡು, ಉಳಿದ ದುಡ್ಡಿನಲ್ಲಿ ಕಡಿಮೆ ಕರೆಂಟಿನ ಫ್ಯಾನ್ ತನ್ನಿ. ಕೋಣೆ ಬಿಟ್ಟು ಹೊರಡುವಾಗ ಸ್ವಿಚ್ ಆರಿಸುವ ಜವಾಬ್ದಾರಿ ನಮಗೆ ಕೊಡಿ. ಮೂರು, ಮಳೆ ಬಿದ್ದ ಕೂಡಲೇ ಪಡುವಣ ಗೋಡೆಯ ಪಕ್ಕ ಬೇವು, ಹೊಂಗೆ ಹಚ್ಚೋಣ. ಸಂಜೆ ಬಿಸಿಲು ಆ ಗೋಡೆಗೇ ಬಡಿಯುತ್ತದೆ. ಇಷ್ಟು ಮಾಡಿದ ಮೇಲೂ ಶೆಕೆ ತಡೆಯಲಾಗದಿದ್ದರೆ ಕೂಲರ್ ತನ್ನಿ, ನಾನೇ ಮೊದಲು ಚಪ್ಪಾಳೆ ತಟ್ಟುತ್ತೇನೆ.

ಅಂದು ನಮ್ಮ ಗೆಳತಿ ಸುಧಾರಿಸಿಕೊಂಡದ್ದು ಮರದ ನೆರಳಲ್ಲಿ, ಅದಕ್ಕೆ ಕರೆಂಟೇ ಬೇಕಾಗಲಿಲ್ಲ. ಇಷ್ಟು ಹೇಳಿ ನನ್ನ ಎರಡು ಮಾತು ಮುಗಿಸುತ್ತೇನೆ. ತಪ್ಪಿದ್ದರೆ ತಿದ್ದಿ ಹೇಳಿ.

— ಎಂಟನೇ ತರಗತಿಯ ವಿದ್ಯಾರ್ಥಿನಿ