ಪಾಸ್ತಾ ಇರಲಿ, ಬಾಟಲಿಯ ಸಾಸ್ ಬೇಡ

ಮಕ್ಕಳು ಪಾಸ್ತಾ ಬೇಡಿದರೆ ಗದರಿಸಬೇಕಾಗಿಲ್ಲ. ಅದೂ ನಮ್ಮ ಗವಲಿ, ಶ್ಯಾವಿಗೆಗಳ ಬಳಗದ್ದೇ. ನಮ್ಮ ಆಕ್ಷೇಪ ಬಾಟಲಿಯ ಸಾಸ್‌ಗೆ. ಹಲವು ಸಾಸ್‌ಗಳಲ್ಲಿ ಉಪ್ಪು, ಸಕ್ಕರೆ ಎರಡೂ ಅಧಿಕ. ವಯಸ್ಕರಿಗೇ ದಿನಕ್ಕೆ ಉಪ್ಪು 5 ಗ್ರಾಂಗಿಂತ ಕಡಿಮೆಯಿರಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಮಕ್ಕಳಿಗೆ ಅದಕ್ಕಿಂತಲೂ ಕಡಿಮೆ.

ಬಿಂಕದಕಟ್ಟಿಯ ತಾಯಂದಿರಿಗೆ ನಾವು ಹೇಳುವ ವಿಧಾನ ಸುಲಭವಾದುದು. ನಾಲ್ಕು ಮಾಗಿದ ಟೊಮೆಟೊ, ಒಂದು ಉಳ್ಳಾಗಡ್ಡಿ, ಎರಡು ಎಸಳು ಬೆಳ್ಳುಳ್ಳಿಯನ್ನು ಚಮಚ ಶೇಂಗಾ ಎಣ್ಣೆಯಲ್ಲಿ ಬಾಡಿಸಿ, ನೆನೆಸಿದ ಒಂದು ಬ್ಯಾಡಗಿ ಮೆಣಸಿನಕಾಯಿಯೊಡನೆ ರುಬ್ಬಿ, ಚಿಟಿಕೆ ಉಪ್ಪು ಹಾಕಿ, ಗಟ್ಟಿಯಾಗುವವರೆಗೆ ಕುದಿಸಬೇಕು. ಹುಳಿಯೆನಿಸಿದರೆ ಸಕ್ಕರೆಯಲ್ಲ, ತುರಿದ ಗಜ್ಜರಿ ಹಾಕಿರಿ. ಆಮ್ಲಪಿತ್ತವುಳ್ಳವರು ಟೊಮೆಟೊ ಅರ್ಧಕ್ಕಿಳಿಸಿ ಬೇಯಿಸಿದ ಸಿಹಿಗುಂಬಳ ಸೇರಿಸುವುದು ಲೇಸು.

ಜೊತೆಗೆ ಸೌತೆಕಾಯಿಯ ಪಚಡಿ, ಶೇಂಗಾ ಪುಡಿ ಉದುರಿಸಿದ ಹೆಸರುಕಾಳಿನ ಉಸುಳಿ. ಎಳೆಯ ಹಕ್ಕರಕಿ ಸಿಕ್ಕ ದಿನ ಪಚಡಿಯೂ ಬೇಡ, ತೊಳೆದು ಹಾಗೆಯೇ ಬಡಿಸಿರಿ.