ಗಿಡಕ್ಕಿಂತ ಮೊದಲು ಮಣ್ಣು
ಗೃಹಪ್ರವೇಶ ಮುಗಿದ ಮರುದಿನವೇ ನರ್ಸರಿಗೆ ಓಡುವವರಿದ್ದಾರೆ. ತಂದು ನೆಟ್ಟ ದುಂಡುಮಲ್ಲಿಗೆ ಹಳದಿಗಟ್ಟಿದರೆ ದೂರೆಲ್ಲ ನರ್ಸರಿಯವನ ಮೇಲೆ! ಗೋಡೆಯಂಚಿನಲ್ಲಿ ಒಂದಡಿ ಅಗೆದು ನೋಡಿ. ಇಟ್ಟಿಗೆ ಚೂರು, ಜಲ್ಲಿ, ಗಟ್ಟಿಯಾದ ಸಿಮೆಂಟು. ಸಿಮೆಂಟಿನ ಸುಣ್ಣ ಮಣ್ಣಿನ ಕ್ಷಾರ ಹೆಚ್ಚಿಸುತ್ತದೆ. ಆಗ ಕಬ್ಬಿಣದಂಶವಿದ್ದರೂ ಬೇರಿಗೆ ದಕ್ಕದು. ಎಳೆಯ ಎಲೆ ಹಳದಿಯಾಗಿ ನರ ಮಾತ್ರ ಹಸಿರಾಗಿ ಉಳಿದರೆ ಇದೇ ಗುರುತು. ಒಂದೂವರೆ ಅಡಿ ಅಗೆದು ಕಸ ತೆಗೆಸಿ, 2 ಪಾಲು ಕೆಂಪುಮಣ್ಣಿಗೆ ತಲಾ 1 ಪಾಲು ಕೊಟ್ಟಿಗೆ ಗೊಬ್ಬರ, ಮರಳು ಬೆರೆಸಿ ತುಂಬಿ.

ಕೂರುವ ಜಾಗದ ಮಾತು ಆಮೇಲೆ. ಚಪ್ಪಡಿಗಳ ಸಂದಿಗೆ ಮರಳು ಸಾಕು, ನೀರು ಇಂಗಲಿ. ಇಳಿಜಾರು ಮನೆಯಿಂದ ಹೊರಕ್ಕಿರಲಿ. ಕಡಪ ಕಲ್ಲಿನ ಬೆಂಚು ಚೆಂದವೇ, ಆದರೆ ಮಧ್ಯಾಹ್ನ ಕಾದ ಹೆಂಚು. ಬೆತ್ತದ ಕುರ್ಚಿಯಾದರೆ, ಮಳೆ ಬಂದಾಗ ಒಳಗೆ ತರುವವರು ಯಾರೆಂದು ಮೊದಲೇ ತೀರ್ಮಾನವಾಗಲಿ.